ಅಂಗಳದ ನಡುವೆ ನಿಂತ ಮಂಚ

ಇಪೋ ಊರಿನ ಸುಣ್ಣದಕಲ್ಲಿನ ಗುಡ್ಡಗಳ ಮೇಲೆ ಇನ್ನೂ ಬೆಳಕು ಬಿದ್ದಿಲ್ಲ. ಯಾನ್ ಫುಕ್ ಧರ್ಮಾಸ್ಪತ್ರೆಯ ನಡು ಅಂಗಳದಲ್ಲಿ, ಒಂದೇ ಒಂದು ದೀಪದ ಕೆಳಗೆ, ಥಾಮ್ ಯುತ್ ಫೂನ್ ಗಾಲಿಕುರ್ಚಿಯೊಂದನ್ನು ತಲೆಕೆಳಗು ಮಾಡಿಕೊಂಡು ಕೂತಿದ್ದಾರೆ. ಚಕ್ರದ ಅಚ್ಚಿಗೆ ಸುತ್ತಿಕೊಂಡ ಕೂದಲನ್ನು ಊಟದ ಕಡ್ಡಿಯ ತುದಿಯಿಂದ ಕಿತ್ತು ಕಿತ್ತು ಎಸೆಯುತ್ತಿದ್ದಾರೆ. ಹಿಂದಿನ ಕಟ್ಟಡದ ಕಷಾಯದ ಕೋಣೆಯಲ್ಲಿ ಆಗಲೇ ಒಲೆ ಹೊತ್ತಿದೆ. ಒಣ ಬೇರಿನ ಕಹಿ ವಾಸನೆ ಅಂಗಳಕ್ಕೆ ಇಳಿಯುತ್ತಿದೆ. ಮುಂದಿನ ಕಟ್ಟಡದಿಂದ ಫಿನಾಯಿಲ್ ವಾಸನೆ ಎದುರಾಗಿ ಬರುತ್ತಿದೆ.

"ಊರಲ್ಲಿ ಯಾರ ತಲೇಲೂ ಕೂದ್ಲು ಉಳ್ದಿರಕ್ಕಿಲ್ಲ, ಎಲ್ಲಾ ಇಲ್ಲೇ ಇದೆ," ಎಂದು ಅವರು ಗೊಣಗುತ್ತಾರೆ. "ಕುರ್ಚಿ ಎಳೀತದೆ ಅಂತ ದೂರೋಕೆ ಎಲ್ರಿಗೂ ಬರ್ತದೆ. ಬಗ್ಗಿ ನೋಡೋಕೆ ಮಾತ್ರ ಯಾರಿಗೂ ಸೊಂಟ ಇಲ್ಲ."

ಸೊಂಟಕ್ಕೆ ಸಿಕ್ಕಿಸಿದ ಕರೆಯಂತ್ರ ಕಿರಗುಟ್ಟುತ್ತದೆ. "ಫೂನಕ್ಕಾ, ಮೂರನೇ ಮಹಡಿ, ಎಕ್ಸ್‌ರೇಗೆ." ಅದಕ್ಕೆ ಉತ್ತರ ಕೊಡುವ ಮೊದಲೇ ಇನ್ನೊಂದು ದನಿ ಮೇಲೆ ಬೀಳುತ್ತದೆ. "ಫೂನಕ್ಕಾ, ಸೂಜಿ ಕೋಣೆಗೆ ಇಬ್ರು, ಬೇಗ." ಫೂನಕ್ಕ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ, ಮಂಡಿ ಹಿಡಿದುಕೊಂಡು ಏಳುತ್ತಾರೆ. "ಬೇಗ ಅಂತೆ. ಬೇಗ ಅನ್ನೋ ಪದ ಕಂಡುಹಿಡ್ದೋನು ಸಿಕ್ಕಿದ್ರೆ ಇದೇ ಕುರ್ಚೀಲಿ ಕೂರ್ಸಿ ಗುಡ್ಡದ ಮೇಲಿಂದ ಬಿಡ್ತಿದ್ದೆ."

ಐವತ್ತೆಂಟು ದಾಟಿರುವ ಈ ಹೆಂಗಸಿನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು: ರೋಗಿಗಳನ್ನು ತಳ್ಳುವುದು. ಕುರ್ಚಿಯಲ್ಲಿ ಕೂತವರನ್ನು, ಚಕ್ರದ ಮಂಚದಲ್ಲಿ ಮಲಗಿದವರನ್ನು, ಮುಂದಿನ ಕಟ್ಟಡದಿಂದ ಹಿಂದಿನದಕ್ಕೆ, ಹಿಂದಿನದರಿಂದ ಮುಂದಿನದಕ್ಕೆ. ದಿನಕ್ಕೆ ಮೂವತ್ತು ಸಲವೋ ನಲವತ್ತು ಸಲವೋ ಈ ಅಂಗಳ ದಾಟುತ್ತಾರೆ. ಎಣಿಸಿದ್ದೀರಾ ಎಂದು ಕೇಳಿದರೆ ಸಿಡುಕುತ್ತಾರೆ. "ಎಣಿಸ್ತಾ ಕೂತ್ರೆ ತಳ್ಳೋರ್ಯಾರು?"

ಯಾನ್ ಫುಕ್ ತವರದ ಗಣಿಗಳ ಕಾಲದ ಆಸ್ಪತ್ರೆ. ಚೀನಾದಿಂದ ಸಮುದ್ರ ದಾಟಿ ಬಂದು, ಕೆಸರಿನಲ್ಲಿ ಸೊಂಟದವರೆಗೆ ನಿಂತು ತವರ ತೆಗೆಯುತ್ತಿದ್ದ ಕೂಲಿಗಳು ತಮ್ಮ ತಮ್ಮಲ್ಲೇ ಚಂದಾ ಎತ್ತಿ ಕಟ್ಟಿಕೊಂಡದ್ದು. ಮೊದಲು ಇದ್ದದ್ದು ಹಸಿರು ಹೆಂಚಿನ ಹಿಂದಿನ ಕಟ್ಟಡವೊಂದೇ. ಅಲ್ಲಿ ನಾಡಿ ನೋಡುತ್ತಾರೆ, ಚೀನೀ ಪದ್ಧತಿಯಲ್ಲಿ ಮೈಗೆ ಸೂಜಿ ಚುಚ್ಚುತ್ತಾರೆ, ಬಡವರಿಗೆ ಇವತ್ತಿಗೂ ಪುಕ್ಕಟೆ ಕಷಾಯ ಕೊಡುತ್ತಾರೆ. ಆಮೇಲೆ ಮುಂದೆ ಬಿಳಿ ಕಟ್ಟಡ ಎದ್ದಿತು. ಅಲ್ಲಿ ಎಕ್ಸ್‌ರೇ, ಆಪರೇಷನ್, ಇಂಗ್ಲಿಷ್ ಮದ್ದು. ಎರಡೂ ಬಗೆಯ ವೈದ್ಯ ಒಂದೇ ಸೂರಿನಡಿ ಎಂದು ಹೊರಗಿನ ಫಲಕದಲ್ಲಿ ಬರೆದಿದೆ. ಆ ಮಾತು ಬಂದರೆ ಫೂನಕ್ಕ ತಲೆಯೆತ್ತಿ ಅಂಗಳದ ಮೇಲಿನ ಬಟಾಬಯಲು ಆಕಾಶ ತೋರಿಸುತ್ತಾರೆ.

"ಎಲ್ಲಿದೆ ಸೂರು? ಮಳೆ ಬಂದ್ರೆ ರೋಗಿಗೆ ಕೊಡೆ ಹಿಡಿಯೋದೂ ನಾನೇ, ಗಾಡಿ ತಳ್ಳೋದೂ ನಾನೇ. ನಂಗೇನು ನಾಲ್ಕು ಕೈ ಇದಾವಾ? ಮುಂದಿನೋರ ಲೆಕ್ಕದಲ್ಲಿ ಹಿಂದಿನೋರು ಬೇರು ಬೇಯ್ಸೋರು. ಹಿಂದಿನೋರ ಲೆಕ್ಕದಲ್ಲಿ ಮುಂದಿನೋರು ಕತ್ತರಿ ಹಿಡ್ದೋರು. ಚೀನೀ ಹೊಸವರ್ಷದ ಊಟಕ್ಕೆ ಒಂದೇ ಮೇಜಲ್ಲಿ ಕೂತು ಮೀನು ತಿಂತಾರೆ. ಮಾರನೇ ದಿನ ಎದುರಾದ್ರೆ ಗೋಡೆ ನೋಡ್ಕೊಂಡು ಹೋಗ್ತಾರೆ. ಪಾಪ, ಜನಕ್ಕೆ ಎರಡೂ ಬೇಕು. ಬೆಳಿಗ್ಗೆ ಇಲ್ಲಿ ರಕ್ತ ಪರೀಕ್ಷೆಗೆ ಕೊಟ್ಟು ಮಧ್ಯಾಹ್ನ ಅಲ್ಲಿ ಸೂಜಿ ಹಾಕಿಸ್ಕೋತಾರೆ. ಮಧ್ಯ ಓಡಾಡೋಕೆ ನಾನೊಬ್ಳು ಕತ್ತೆ."

ರೋಗಿಗಳೇನೂ ಕಡಿಮೆಯಲ್ಲ. ನಡೆಯಲಾರದ ಮುದುಕರು ಕುರ್ಚಿಯಲ್ಲಿ ಕೂರುವುದು ಅವಮಾನ ಎಂದು ಹಟ ಹಿಡಿದು ಅಂಗಳದ ಅರ್ಧದಲ್ಲಿ ಕುಸಿಯುತ್ತಾರೆ. ನಡೆಯಬಲ್ಲ ಹೆಂಗಸರು ತರಕಾರಿ ಚೀಲದ ಸಮೇತ ಕುರ್ಚಿ ಹತ್ತಿ ಕಾಲ ಮೇಲೆ ಕಾಲು ಹಾಕುತ್ತಾರೆ. ಒಬ್ಬ ನಿವೃತ್ತ ಮೇಷ್ಟ್ರು ವಾರಕ್ಕೆರಡು ಸಲ ಬಂದು, ಫೂನಕ್ಕ ತಳ್ಳುತ್ತಿರುವಾಗ ಎಡಕ್ಕೆ ಬಲಕ್ಕೆ ಎಂದು ದಾರಿ ತೋರಿಸುತ್ತಾರೆ. ದಾನಿಗಳ ಹೆಸರು ಪ್ರತಿ ಬೆಂಚಿನ ಮೇಲೆ, ಪ್ರತಿ ಫ್ಯಾನಿನ ರೆಕ್ಕೆಯ ಮೇಲೆ ಇದೆ. ಆದರೆ ಅಂಗಳವನ್ನು ಅಡ್ಡಲಾಗಿ ಸೀಳುವ ಚರಂಡಿಗೆ ಹೊದಿಸಿದ ಕಬ್ಬಿಣದ ಜಾಲರಿ ವರ್ಷಗಳಿಂದ ಒಂದು ಕಡೆ ಎದ್ದು ನಿಂತಿದೆ. ಅದನ್ನು ಕೂರಿಸಿಕೊಡಿ ಎಂದು ಕೇಳಿ ಕೇಳಿ ಫೂನಕ್ಕನ ಬಾಯಿ ನೊಂದಿದೆ. ಚರಂಡಿಯ ಮುಚ್ಚಳದ ಮೇಲೆ ತಮ್ಮ ತಂದೆಯ ಹೆಸರು ಕೆತ್ತಿಸಲು ಯಾವ ದಾನಿಗೂ ಮನಸ್ಸು ಬಂದಿಲ್ಲ.

ಇಲ್ಲಿಗೆ ಬರುವ ಮೊದಲು ಫೂನಕ್ಕ ಗುನೋಂಗ್ ರಾಪತ್ ಕಡೆಯ ಬಿಸ್ಕತ್ತಿನ ಕಾರ್ಖಾನೆಯಲ್ಲಿದ್ದರು. ಹದಿನೈದರ ವಯಸ್ಸಿನಿಂದ ಒಲೆಯ ಮುಂದೆ ನಿಂತು, ಬೆಲ್ಲ ತುಂಬಿದ ಬಿಸ್ಕತ್ತು ಸುಡುವ ಕೆಲಸ. ಅಪ್ಪ ಕೆಸರಿನಿಂದ ತವರದ ಅದಿರು ಬಾಚುವ ದೋಣಿಯಂತ್ರದಲ್ಲಿ ಮೇಸ್ತ್ರಿಯಾಗಿದ್ದವರು. ತವರದ ಬೆಲೆ ಬಿದ್ದು ಯಂತ್ರಗಳು ನಿಂತ ವರ್ಷ ಅವರೂ ಮೂಲೆ ಹಿಡಿದರು. ಅಮ್ಮನಿಗೆ ಉಬ್ಬಸ. ಯಾನ್ ಫುಕ್‌ನ ಹಿಂದಿನ ಕಟ್ಟಡದ ಧರ್ಮದ ವಾರ್ಡಿನಲ್ಲಿ ಆಕೆ ತಿಂಗಳುಗಟ್ಟಲೆ ಮಲಗಿದ್ದರು. ಎಕ್ಸ್‌ರೇಗೆ ಮುಂದಕ್ಕೆ ಕರೆದೊಯ್ಯಬೇಕಾದಾಗ ತಳ್ಳುವವನು ಬರುತ್ತಲೇ ಇರಲಿಲ್ಲ. ಕಾದು ಕಾದು ರೇಗಿ, ಫೂನಕ್ಕ ತಾವೇ ಅಮ್ಮನ ಕುರ್ಚಿ ಹಿಡಿದರು. ಹೇಗೂ ಹೋಗುತ್ತೀಯಲ್ಲ ಎಂದು ಪಕ್ಕದ ಹಾಸಿಗೆಯವರೂ ಕೈ ಎತ್ತಿದರು. ಕೊನೆಗೆ ಹಿರಿಯ ನರ್ಸೊಬ್ಬರು ಹೇಳಿದರು: "ನೀನು ಹೇಗಿದ್ರೂ ತಳ್ತೀಯ, ಹೇಗಿದ್ರೂ ಬೈತೀಯ. ಕೆಲ್ಸಕ್ಕಾದ್ರೂ ಸೇರ್ಕೊ."

"ಅಮ್ಮ ಹೋದ್ರು. ನಾನಿಲ್ಲೇ ಉಳ್ಕೊಂಡೆ," ಎನ್ನುತ್ತಾರೆ ಫೂನಕ್ಕ. ಗಂಡ ಫ್ಯಾನ್ ರಿಪೇರಿ ಮಾಡುತ್ತಾರೆ, ಒಂದು ಕಿವಿ ಕೇಳುವುದಿಲ್ಲ. "ಅದ್ಕೇ ಸಂಸಾರ ಇನ್ನೂ ನಡೀತಿದೆ. ಮನೆಗೆ ಹೋಗಿ ನಾನು ಇಲ್ಲಿಯೋರ್ನೆಲ್ಲಾ ಬೈತೀನಿ. ಅವ್ರು ಆ ಕಿವಿ ಈ ಕಡೆ ಇಟ್ಕೊಂಡು ಊಟ ಮಾಡ್ತಾರೆ." ಮಂಡಿ ನೋವಿಗೆ ಏನು ಮದ್ದು, ಮುಂದಿನದೋ ಹಿಂದಿನದೋ ಎಂದು ಕೇಳಿದರೆ ಕೈಯಾಡಿಸುತ್ತಾರೆ. "ಎರಡೂ ಇಲ್ಲ. ಇವರಿಬ್ರ ಹತ್ರ ಹೋದ್ರೆ ನನ್ನ ತಳ್ಳೋರ್ಯಾರು? ಸಂತೇಲಿ ನೋವಿನ ಪಟ್ಟಿ ಸಿಗ್ತದೆ, ಅಂಟಿಸ್ಕೋತೀನಿ."

ಫೂನಕ್ಕನ ಹೆಸರು ಆಸ್ಪತ್ರೆಯ ಗೋಡೆಯಾಚೆ ಯಾರಿಗೂ ಗೊತ್ತಿಲ್ಲ. ಗೋಡೆಯೊಳಗೆ ಮಾತ್ರ ಎಲ್ಲರಿಗೂ ಗೊತ್ತು. ಅದಕ್ಕೆ ಕಾರಣ ಹೋದ ವರ್ಷ ಚೀನೀಯರ ಚಂದ್ರಹಬ್ಬದ ಹಿಂದಿನ ವಾರ ನಡೆದ ಸಂಗತಿ.

ಹಿಂದಿನ ಕಟ್ಟಡದ ವಾರ್ಡಿನಲ್ಲಿ ಮಾಕ್ ಅಜ್ಜಿ ಇದ್ದರು. ಎಂಬತ್ತರ ಹತ್ತಿರದ ಜೀವ. ಹರೆಯದಲ್ಲಿ ಹೊಳೆಯಲ್ಲಿ ನಿಂತು ಮರದ ತಟ್ಟೆಯಲ್ಲಿ ಮರಳು ಜಾಲಿಸಿ ತವರ ತೆಗೆದವರು. ಎಡಗೈಗೆ ಶಕ್ತಿ ಇಲ್ಲದಂತಾಗಿ, ಸೂಜಿ ಮತ್ತು ಕಷಾಯಕ್ಕೆಂದು ಸೇರಿದ್ದರು. ಅವರನ್ನು ನೋಡುತ್ತಿದ್ದವರು ಹಿಂದಿನ ಕಟ್ಟಡದ ಹಿರಿಯ ವೈದ್ಯರಾದ ಚೌ. ಒಂದು ಬೆಳಿಗ್ಗೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಕೀಲು ಮುರಿಯಿತು. ಇನ್ನು ಮುಂದಿನ ಕಟ್ಟಡದ ಮೂಳೆ ಡಾಕ್ಟರ್ ತವಮಲರ್ ಅವರೇ ಆಪರೇಷನ್ ಮಾಡಬೇಕು.

ಮುರಿದ ಸೊಂಟದ ಅಜ್ಜಿಯನ್ನು ಮಂಚದ ಸಮೇತ ಫೂನಕ್ಕ ಮುಂದಕ್ಕೆ ತಳ್ಳಿಕೊಂಡು ಹೋದರು. ಎಕ್ಸ್‌ರೇ ಆಯಿತು. ಮುಂದಿನ ವಾರ್ಡಿನ ಮೇಜಿನಲ್ಲಿ ಕೂತಿದ್ದ ನರ್ಸು, "ಇವ್ರು ಇನ್ನೂ ಹಿಂದಿನ ಕಟ್ಟಡದ ಲೆಕ್ಕದಲ್ಲಿದಾರೆ. ಅವ್ರು ಬಿಡುಗಡೆ ಮಾಡ್ದೆ ನಾವು ಹಾಸಿಗೆ ಕೊಡೋ ಹಾಗಿಲ್ಲ. ವಾಪಸ್ ಕರ್ಕೊಂಡ್ಹೋಗಿ," ಎಂದಳು.

ಫೂನಕ್ಕ ವಾಪಸು ಕರೆದುಕೊಂಡು ಬಂದರು. ಹಿಂದಿನ ವಾರ್ಡಿನ ಮೇಜಿನಲ್ಲಿದ್ದವನು, "ಮುಂದೆ ಹಾಸಿಗೆ ಇದೆ ಅಂತ ಹೇಳ್ದೆ ನಾವು ಹೇಗ್ರೀ ಬಿಡುಗಡೆ ಮಾಡೋದು? ದಾರೀಲಿ ಏನಾದ್ರೂ ಆದ್ರೆ ಯಾರ ತಲೆಗೆ?" ಎಂದ.

ಮತ್ತೆ ಮುಂದಕ್ಕೆ. ಅಲ್ಲಿ ನರ್ಸಿನ ಪಾಳಿ ಬದಲಾಗಿತ್ತು. ಹೊಸಬಳಿಗೆ ಹಳೆಯ ಮಾತು ಗೊತ್ತಿಲ್ಲ. ಫೋನು ಮಾಡಿದಳು, ಹಿಂದೆ ಯಾರೂ ಎತ್ತಲಿಲ್ಲ. ಊಟದ ಹೊತ್ತು. ಅವಳೂ ವಾಪಸು ಎಂದಳು.

ಸೊಂಟ ಮುರಿದವರನ್ನು ತಳ್ಳುವುದೆಂದರೆ ಹೇಗಿರುತ್ತದೆ ಎಂದು ತಳ್ಳಿದವರಿಗೇ ಗೊತ್ತು. ಅಂಗಳದ ಕಲ್ಲಿನ ಪ್ರತಿ ಸಂದೂ ಅಜ್ಜಿಯ ಮೈಯಲ್ಲಿ ಸದ್ದು ಮಾಡುತ್ತಿತ್ತು. ಚರಂಡಿಯ ಜಾಲರಿಯ ಹತ್ತಿರ ಬಂದಾಗ ಫೂನಕ್ಕ ಮಂಚದ ತುದಿಯನ್ನು ತಮ್ಮ ಹೊಟ್ಟೆಗೆ ಆನಿಸಿ, ಎಷ್ಟಾಗುತ್ತದೋ ಅಷ್ಟು ಎತ್ತಿ ದಾಟಿಸುತ್ತಿದ್ದರು. ಆದರೂ ಚಕ್ರ ತಗಲುತ್ತಿತ್ತು. ಮೊದಲ ಸಲ ಅಜ್ಜಿ ಕಿರುಚಿದರು. ಎರಡನೆಯ ಸಲ, ಮೂರನೆಯ ಸಲ ಫೂನಕ್ಕನ ಏಳು ತಲೆಮಾರನ್ನೂ ಎಳೆದು ಬೈದರು. ನಾಲ್ಕನೆಯ ಸಲ ಬೈಯಲೂ ಇಲ್ಲ, ಕಿರುಚಲೂ ಇಲ್ಲ. ತುಟಿ ಕಚ್ಚಿಕೊಂಡು ಕಣ್ಣು ಮುಚ್ಚಿದರು. ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಕ್ಕೆ ಹೋಯಿತು.

"ಬೈದಿದ್ರೆ ನಾನು ತಳ್ತಾನೇ ಇರ್ತಿದ್ದೆ ಕಣ್ರೀ," ಎಂದು ಫೂನಕ್ಕ ಈಗ ನೆನೆಯುತ್ತಾರೆ. "ಬೈಗುಳ ನಂಗೆ ಅಭ್ಯಾಸ. ಆ ಮುದುಕಿ ಸುಮ್ನಾಗ್ಬಿಟ್ಳಲ್ಲ, ಇನ್ನು ತಳ್ಳೋಕೆ ನನ್ನ ಕೈ ಬರ್ಲಿಲ್ಲ."

ಅವರು ಜಾಲರಿ ದಾಟಿ, ಅಂಗಳದ ನಟ್ಟನಡುವೆ, ಮಂಚದ ಬ್ರೇಕನ್ನು ಕಾಲಿನಿಂದ ಒತ್ತಿದರು. ತಲೆಯ ಮೇಲಿದ್ದ ಟೊಪ್ಪಿಯನ್ನು ತೆಗೆದು ಅಜ್ಜಿಯ ಮುಖಕ್ಕೆ ನೆರಳು ಮಾಡಿದರು. ಆಮೇಲೆ ಕರೆಯಂತ್ರ ಬಾಯಿಗೆ ಹಿಡಿದು ಹೇಳಿದರು: "ಫೂನ್ ಮಾತಾಡ್ತಿರೋದು. ಮಾಕ್ ಅಜ್ಜಿ ಅಂಗಳದಲ್ಲಿದಾರೆ. ನಾನು ಇನ್ನು ಹಿಂದಕ್ಕೂ ತಳ್ಳಲ್ಲ, ಮುಂದಕ್ಕೂ ತಳ್ಳಲ್ಲ. ಚೌ ವೈದ್ಯರು ಆ ಕಡೆಯಿಂದ ಬರ್ಲಿ, ಡಾಕ್ಟ್ರಮ್ಮ ಈ ಕಡೆಯಿಂದ ಬರ್ಲಿ. ಇಬ್ರೂ ಬಂದು ನನ್ನ ಮುಂದೆ ಮಾತಾಡ್ಕೊಳ್ಳಿ."

ಕರೆಯಂತ್ರದಲ್ಲಿ ಎರಡೂ ಕಡೆಯಿಂದ ಒಟ್ಟಿಗೆ ಗದ್ದಲ. ಹಾಗೆಲ್ಲಾ ಮಾಡುವ ಹಾಗಿಲ್ಲ, ಮೇಲಿನವರಿಗೆ ಹೇಳಬೇಕಾಗುತ್ತದೆ, ಡಾಕ್ಟರು ಬಿಡುವಾಗಿಲ್ಲ, ವೈದ್ಯರು ಊಟಕ್ಕೆ ಕೂತಿದ್ದಾರೆ. ಫೂನಕ್ಕ ಯಂತ್ರ ಆರಿಸಿ ಜೇಬಿಗೆ ಹಾಕಿಕೊಂಡರು.

ಔಷಧಿಯ ಸಾಲಿನಲ್ಲಿ ನಿಂತಿದ್ದ ಜನ ಸುತ್ತ ಸೇರಿದರು. ಯಾರೋ ಕೊಡೆ ಹಿಡಿದರು, ಯಾರೋ ಫೋನು ಎತ್ತಿ ಚಿತ್ರ ತೆಗೆಯತೊಡಗಿದರು. ಕಾವಲುಗಾರ ಓಡಿ ಬಂದು, "ಫೂನಕ್ಕ, ನಿಮ್ಗೆ ಕೈ ಮುಗೀತೀನಿ, ಮಂಚ ತೆಗೀರಿ. ನಂಗೆ ಬೈತಾರೆ," ಎಂದ. "ಬೈಸ್ಕೊ. ನಾನು ದಿನಾ ಬೈಸ್ಕೊಳಲ್ವಾ?" ಎಂದರು ಫೂನಕ್ಕ. ಅವನೇ ಮಂಚಕ್ಕೆ ಕೈ ಹಾಕಲು ಬಂದಾಗ ಅಜ್ಜಿ ಕಣ್ಣು ಬಿಟ್ಟು, "ಮುಟ್ಟಿದ್ರೆ ಕಚ್ತೀನಿ," ಎಂದರು. ಬಾಯಲ್ಲಿ ಹಲ್ಲಿರಲಿಲ್ಲ. ಆದರೂ ಅವನು ಹಿಂದೆ ಸರಿದ.

ಮೊದಲು ಬಂದವರು ಡಾಕ್ಟರ್ ತವಮಲರ್. ಆಪರೇಷನ್ ಕೋಣೆಯ ನೀಲಿ ಟೊಪ್ಪಿ ಇನ್ನೂ ತಲೆಯ ಮೇಲಿತ್ತು. "ಏನಿದು ಫೂನಕ್ಕ? ರೋಗೀನ ಬಿಸಿಲಲ್ಲಿ ನಿಲ್ಸೋದಾ? ತಲೆ ಕೆಟ್ಟಿದ್ಯಾ?"

"ಕೆಟ್ಟಿದೆ ಡಾಕ್ಟ್ರಮ್ಮ. ಬೆಳಿಗ್ಗೆಯಿಂದ ಕೆಡ್ತಾನೇ ಇದೆ. ಇವ್ರು ಯಾರ ರೋಗಿ ಅಂತ ಹೇಳಿ, ತಳ್ತೀನಿ."

ಅಷ್ಟರಲ್ಲಿ ಚೌ ವೈದ್ಯರೂ ಬಂದರು. ಅನ್ನದ ಅಗುಳು ತುಟಿಯಂಚಿನಲ್ಲಿತ್ತು, ಮುಖ ಕೆಂಪಾಗಿತ್ತು. ಫೂನಕ್ಕನನ್ನು ಬಿಟ್ಟು ನೇರ ಡಾಕ್ಟರ ಕಡೆ ತಿರುಗಿದರು. "ನನ್ನ ರೋಗೀನ ಚೆಂಡಿನ ಹಾಗೆ ಒದ್ದು ಕಳಿಸ್ತಿದೀರಲ್ಲ, ಇದೇನಾ ನಿಮ್ಮ ಶಾಸ್ತ್ರ?"

"ನಿಮ್ಮೋರು ಬಿಡುಗಡೆ ಕೊಡ್ದೆ ನಾನು ಏನ್ ಮಾಡ್ಲಿ? ನಾಳೆ ಬೆಳಿಗ್ಗೆ ಮೊದಲ್ನೇ ಆಪರೇಷನ್ನೇ ಇವ್ರದ್ದು ಅಂತ ಇಟ್ಕೊಂಡಿದೀನಿ. ರೋಗಿ ಮಾತ್ರ ನನ್ನ ಹತ್ರ ಬರ್ತಾನೇ ಇಲ್ಲ."

"ಹಾಗಂತ ನಂಗೆ ಹೇಳಿದ್ದು ಯಾರು?"

"ಯಾರಾದ್ರೂ ಕೇಳಿದ್ರೆ ತಾನೇ ಹೇಳೋದು!"

ಮಂಚದ ಆಚೆಗೊಬ್ಬರು ಈಚೆಗೊಬ್ಬರು ನಿಂತು ಜಗಳ ಹತ್ತಿತು. ವರ್ಷಗಟ್ಟಲೆ ನುಂಗಿಕೊಂಡದ್ದೆಲ್ಲಾ ಹೊರಬಂತು. ನಡುವೆ ಮಲಗಿದ್ದ ಅಜ್ಜಿ ಅವರ ಮುಖ ಇವರ ಮುಖ ನೋಡಿ ನೋಡಿ ಸಾಕಾಗಿ, ಬಲಗೈಯಿಂದ ಮಂಚದ ಸರಳಿಗೆ ಬಡಿದರು. "ನಾನಿನ್ನೂ ಸತ್ತಿಲ್ಲ. ಸತ್ತ ಮೇಲೆ ಆಸ್ತಿ ಜಗಳ ಆಡಿ."

ಹಾಗೆ ಬಡಿದಾಗ ಅಂಗಿಯ ತೋಳು ಜಾರಿ, ಅಜ್ಜಿಯ ಕೈ ಮೊಣಕೈವರೆಗೆ ಬರಿದಾಯಿತು. ಒಳಗೆ ನೇರಳೆಹಣ್ಣು ಅಂಟಿಸಿದ ಹಾಗೆ ಕಲೆಗಳು. ತವಮಲರ್ ಮಾತು ನಿಲ್ಲಿಸಿ ಆ ಕೈ ಹಿಡಿದು ತಿರುಗಿಸಿ ನೋಡಿದರು. "ಈ ಕಡೆ ಬಿದ್ದಿರ್ಲಿಲ್ಲ ಅಲ್ವಾ ನೀವು?"

"ಇಲ್ಲ ಕಣೆ ತಾಯಿ, ಎಡಕ್ಕೆ ಬಿದ್ದಿದ್ದು."

"ಮತ್ತೆ ಇದು? ಅಜ್ಜಿ, ಹೃದಯದ ಕ್ಲಿನಿಕ್ಕಲ್ಲಿ ರಕ್ತ ತೆಳುವಾಗೋ ಮಾತ್ರೆ ಕೊಡ್ತಿದ್ರಲ್ಲ, ಹಿಂದಿನ ವಾರ್ಡಿಗೆ ಸೇರಿದ್ಮೇಲೆ ಬಿಟ್ಟಿದೀರಿ ಅಂತ ನನಗೆ ಹೇಳಿದ್ರು."

"ಯಾಕೆ ಬಿಡ್ಲಿ? ಮಗಳು ತಂದ್ಕೊಡ್ತಾಳೆ. ಬಿಳಿ ಮಾತ್ರೇನೂ ನುಂಗ್ತೀನಿ, ಇವ್ರು ಕೊಡೋ ಕರಿ ಕಷಾಯಾನೂ ಕುಡೀತೀನಿ. ಎರಡೂ ಪುಕ್ಕಟೆ."

ಚೌ ವೈದ್ಯರ ಮುಖದ ಕೆಂಪು ಇಳಿಯಿತು. ಅವರು ಮಂಚದ ಸರಳು ಹಿಡಿದುಕೊಂಡರು. "ಮಾತ್ರೆ ಮುಂದಿನೋರೇ ನಿಲ್ಸಿರ್ತಾರೆ ಅಂದ್ಕೊಂಡಿದ್ದೆ," ಎಂದರು ಮೆಲ್ಲಗೆ. "ನಾನು ಕೊಡ್ತಿರೋ ಕಷಾಯಾನೂ ರಕ್ತ ತೆಳು ಮಾಡಿ ಹರಿಸೋದೇ."

ತವಮಲರ್ ಅಜ್ಜಿಯ ಕೈಯನ್ನು ಹೊದಿಕೆಯ ಮೇಲಿಟ್ಟು ಹೇಳಿದರು: "ನಾಳೆ ಬೆಳಿಗ್ಗೆ ನಾನು ಚಾಕು ಹಾಕಿದ್ದಿದ್ರೆ ರಕ್ತ ನಿಲ್ತಿರ್ಲಿಲ್ಲ." ದನಿಯಲ್ಲಿ ಯಾರನ್ನೂ ದೂರುವ ಧಾಟಿ ಇರಲಿಲ್ಲ. ಚೌ ವೈದ್ಯರು ತಲೆ ಆಡಿಸಿದರು. ಆಮೇಲೆ ಅವರಿಬ್ಬರೂ ಅಲ್ಲೇ, ಅಜ್ಜಿಯ ಹೊದಿಕೆಯ ಮೇಲೆ ಕೈಯೂರಿಕೊಂಡು, ಯಾವುದನ್ನು ನಿಲ್ಲಿಸಬೇಕು, ಎಷ್ಟು ದಿನ ಕಾಯಬೇಕು, ಅಷ್ಟರವರೆಗೆ ನೋವಿಗೆ ಏನು ಕೊಡಬೇಕು ಎಂದು ಮಾತಾಡಿಕೊಂಡರು. ಸುತ್ತ ನಿಂತ ಜನಕ್ಕೆ ಒಂದು ಪದವೂ ತಿಳಿಯಲಿಲ್ಲ, ಆದರೆ ಯಾರೂ ಜಾಗ ಬಿಟ್ಟು ಕದಲಲಿಲ್ಲ.

"ಈಗ ಎಲ್ಲಿಗೆ?" ಎಂದು ಕೇಳಿದರು ಫೂನಕ್ಕ.

"ಮುಂದಕ್ಕೆ," ಎಂದರು ಇಬ್ಬರೂ. ಜಾಲರಿಯ ಹತ್ತಿರ ಬಂದಾಗ ಮಂಚದ ಒಂದು ತುದಿಯನ್ನು ಚೌ ವೈದ್ಯರು, ಇನ್ನೊಂದನ್ನು ತವಮಲರ್ ಎತ್ತಿದರು. ಅಜ್ಜಿಗೆ ಏನೂ ತಗಲಲಿಲ್ಲ.

ಈ ಕಥೆ ಹೇಳುವಾಗ ಕೇಳುವವರು ಫೂನಕ್ಕನನ್ನು ಹೊಗಳಲು ಹೊರಟರೆ ಅವರಿಗೆ ಎಲ್ಲಿಲ್ಲದ ಕೋಪ. "ನಂಗೆ ರಕ್ತದ ವಿಷ್ಯ ಏನ್ ಗೊತ್ತಿತ್ತು ಮಣ್ಣು! ನಂಗೆ ಸಿಟ್ಟು ಬಂದಿತ್ತು ಅಷ್ಟೇ. ಅವ್ರು ಮಾತಾಡಿದ್ರು, ಗೊತ್ತಾಯ್ತು. ಮೊದ್ಲೇ ಮಾತಾಡಿದ್ರೆ ಮೊದ್ಲೇ ಗೊತ್ತಾಗ್ತಿತ್ತು. ಇದ್ರಲ್ಲಿ ನನ್ನ ಹೆಚ್ಚುಗಾರಿಕೆ ಏನಿದೆ?"

ಆಡಳಿತ ಸಮಿತಿಗೂ ಅದರಲ್ಲಿ ಹೆಚ್ಚುಗಾರಿಕೆ ಕಾಣಲಿಲ್ಲ. ಯಾರೋ ತೆಗೆದ ಚಿತ್ರ ಸಂಜೆಯೊಳಗೆ ಊರೆಲ್ಲಾ ಓಡಾಡಿತ್ತು. ಮಾರನೆಯ ದಿನ ಕಾರ್ಯದರ್ಶಿ ವೂಂಗ್ ಫೂನಕ್ಕನನ್ನು ಕರೆಸಿದರು. ಕುರ್ಚಿ ಕೊಡಲಿಲ್ಲ. ಆಸ್ಪತ್ರೆಯ ಮಾನ ಹರಾಜಾಯಿತು, ದಾನಿಗಳು ಫೋನು ಮಾಡುತ್ತಿದ್ದಾರೆ, ನಿಮಗೆ ದೂರು ಇದ್ದರೆ ಸರಿಯಾದ ದಾರಿಯಲ್ಲಿ ಹೇಳಬೇಕಿತ್ತು ಎಂದರು.

"ಚರಂಡಿ ಜಾಲರಿ ಬಗ್ಗೆ ಸರಿಯಾದ ದಾರೀಲೇ ಹೇಳ್ತಾ ಬಂದಿದೀನಲ್ಲ ಸ್ವಾಮಿ, ವರ್ಷಗಳಿಂದ," ಎಂದರು ಫೂನಕ್ಕ. ಆ ಮಾತಿಗೆ ಸಿಕ್ಕ ಉತ್ತರ, ಬಟ್ಟೆ ಒಗೆಯುವ ಕೋಣೆಗೆ ವರ್ಗ.

ಅಲ್ಲಿನ ಹಬೆಯಲ್ಲಿ, ದೊಡ್ಡ ಯಂತ್ರಗಳ ಗರಗರದ ನಡುವೆ, ಫೂನಕ್ಕ ಹಾಸಿಗೆಬಟ್ಟೆ ಮಡಚಿದರು. ಬಟ್ಟೆ ಬೈಯುವುದಿಲ್ಲ, ಎಡಕ್ಕೆ ಬಲಕ್ಕೆ ಎನ್ನುವುದಿಲ್ಲ. ನೆಮ್ಮದಿಯಾಗಿರಬೇಕಿತ್ತು. "ಹುಚ್ಚು ಹಿಡಿಯೋದೊಂದು ಬಾಕಿ," ಎನ್ನುತ್ತಾರೆ. "ಬೈಯೋಕೆ ಒಂದು ನರಪಿಳ್ಳೆ ಇಲ್ಲ. ಗಂಡನ್ನ ಬೈಯೋಣ ಅಂದ್ರೆ ಅವ್ರಿಗೆ ಕೇಳ್ಸಲ್ಲ." ನೋಯಿಸಿದ್ದು ಇನ್ನೊಂದು. ವೂಂಗ್ ಅವರ ಬಳಿ ಹೋಗಿ, ಆ ಹೆಂಗಸು ತಪ್ಪು ಮಾಡಲಿಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ. ಚೌ ವೈದ್ಯರೂ ಹೇಳಲಿಲ್ಲ, ತವಮಲರ್ ಅವರೂ ಹೇಳಲಿಲ್ಲ. ದೊಡ್ಡವರಿಗೆ ಅವರವರ ಕೆಲಸ. ಅದನ್ನು ಹೇಳುವಾಗ ಮಾತ್ರ ಫೂನಕ್ಕ ಬೈಯುವುದಿಲ್ಲ, ಕೈಯಲ್ಲಿದ್ದ ಕಾಫಿಯ ಲೋಟವನ್ನು ತಿರುಗಿಸುತ್ತಾ ಕೂರುತ್ತಾರೆ.

ಹೇಳಿದವರು ಕೊನೆಗೂ ಮಾಕ್ ಅಜ್ಜಿ. ಕಾದು, ರಕ್ತ ಹದಕ್ಕೆ ಬಂದ ಮೇಲೆ ತವಮಲರ್ ಆಪರೇಷನ್ ಮಾಡಿದ್ದರು. ಚೆನ್ನಾಗಿ ಆಗಿತ್ತು. ಇನ್ನು ದಿನಾ ಹಿಂದಿನ ಕಟ್ಟಡಕ್ಕೆ ಹೋಗಿ ಕೈಗೆ ಸೂಜಿ ಹಾಕಿಸಿಕೊಳ್ಳಬೇಕು, ಮುಂದೆ ಬಂದು ಕಾಲಿನ ವ್ಯಾಯಾಮ ಮಾಡಬೇಕು. ಹೊಸದಾಗಿ ಬಂದ ತಳ್ಳುವವನು ಕುರ್ಚಿ ತಂದು ನಿಲ್ಲಿಸಿದರೆ ಅಜ್ಜಿ ಹಾಸಿಗೆಯ ಸರಳನ್ನು ಹಿಡಿದುಕೊಂಡು ಬಿಡಲಿಲ್ಲ.

"ಆ ಬಾಯಿಬಡುಕಿ ಎಲ್ಲಿ?" ಎಂದು ಕೇಳಿದರು.

"ಅವ್ರು ಬಟ್ಟೆ ಒಗಿಯೋಕೆ ಹೋಗಿದಾರೆ ಅಜ್ಜಿ."

"ಹಾಗಿದ್ರೆ ನನ್ನನ್ನೂ ಬಟ್ಟೆ ಜೊತೆ ಅಲ್ಲಿಗೇ ಕಳಿಸಿ."

ನರ್ಸು ಬಂದು ರಮಿಸಿದಳು. ಮಗಳು ಅಕ್ಕಿ ಶಾವಿಗೆಯ ಅಂಗಡಿ ಮುಚ್ಚಿ ಬಂದು ಗೋಗರೆದಳು. ತವಮಲರ್ ಬಂದು ವ್ಯಾಯಾಮ ತಪ್ಪಿಸಿದರೆ ಕಾಲು ಸೆಟೆದುಕೊಳ್ಳುತ್ತದೆ ಎಂದು ಗದರಿದರು. ಅಜ್ಜಿಯದು ಒಂದೇ ಮಾತು. "ನೀನು ಕುಯ್ದೆ, ಅವ್ನು ಚುಚ್ಚಿದ. ಸರಿ. ಆದ್ರೆ ನನಗೆ ನೋವಾಗ್ತಿದೆ ಅಂತ ನಿಂತಿದ್ದು ಅವಳೊಬ್ಳು. ಅವಳು ಬರೋವರ್ಗೂ ನಾನೂ ಹಿಂದಕ್ಕೂ ಹೋಗಲ್ಲ, ಮುಂದಕ್ಕೂ ಹೋಗಲ್ಲ."

ತವಮಲರ್ ಹೊರಗೆ ಬಂದರು. ಅಂಗಳ ದಾಟಿ ಚೌ ವೈದ್ಯರ ಕೋಣೆಗೆ ತಾವಾಗಿಯೇ ಹೋದದ್ದು ಅದೇ ಮೊದಲು. ಅಲ್ಲಿಂದ ಇಬ್ಬರೂ ಒಟ್ಟಿಗೆ ವೂಂಗ್ ಅವರ ಕೋಣೆಗೆ ಹೋದರು. ಒಳಗೆ ಏನು ಮಾತಾಯಿತೋ ಹೊರಗಿನವರಿಗೆ ತಿಳಿಯದು. ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಕೋಣೆಯ ಬಾಗಿಲಲ್ಲಿ ಚೌ ವೈದ್ಯರೇ ನಿಂತಿದ್ದರು. ಕ್ಷಮಿಸಿ ಎಂದು ಹೇಳಿ ಅಭ್ಯಾಸವಿಲ್ಲದ ಮನುಷ್ಯ. "ಮುದುಕಿ ಗಲಾಟೆ ಮಾಡ್ತಿದಾಳೆ. ಬಾರಮ್ಮ," ಎಂದಷ್ಟೇ ಅಂದರು.

"ಬರ್ತೀನಿ. ಈ ದುಪ್ಪಟಿ ಮಡ್ಚಿ ಮುಗೀಲಿ. ಆ ತುದಿ ಹಿಡ್ಕೊಳ್ಳಿ," ಎಂದರು ಫೂನಕ್ಕ. ವೈದ್ಯರು ಹಿಡಿದುಕೊಂಡರು.

ಈಗ ವಾರಕ್ಕೊಮ್ಮೆ, ಬುಧವಾರ, ಎರಡೂ ಕಟ್ಟಡದ ವೈದ್ಯರು ಕೂತು, ಎರಡೂ ಕಡೆ ಮದ್ದು ತೆಗೆದುಕೊಳ್ಳುವ ರೋಗಿಗಳ ವಿಷಯ ಮಾತಾಡುತ್ತಾರೆ. ಸಮಿತಿ ಅದಕ್ಕೊಂದು ಉದ್ದನೆಯ ಹೆಸರಿಟ್ಟಿದೆ. ಕೆಲಸದವರೆಲ್ಲಾ ಮಂಚದ ಮೀಟಿಂಗ್ ಎನ್ನುತ್ತಾರೆ. ಸಂಸ್ಥಾಪನಾ ದಿನದ ಔತಣದಲ್ಲಿ ಅಧ್ಯಕ್ಷರು ಅದನ್ನು ತಮ್ಮ ದೂರದೃಷ್ಟಿಯೆಂದು ಬಣ್ಣಿಸಿದರು. ಫೋಟೋ ತೆಗೆಯುವಾಗ ಫೂನಕ್ಕನನ್ನು, ಖಾಲಿ ಕುರ್ಚಿ ಚೌಕಟ್ಟಿನೊಳಗೆ ಬರುತ್ತಿದೆ ಸ್ವಲ್ಪ ಸರಿಯಿರಿ ಎಂದು ಪಕ್ಕಕ್ಕೆ ಕಳಿಸಿದರು. ಚರಂಡಿಯ ಜಾಲರಿ ಇನ್ನೂ ಹಾಗೇ ಇದೆ. ಫೂನಕ್ಕನ ಗಂಡ ಒಂದು ಭಾನುವಾರ ಬಂದು ಅದರ ಮೇಲೆ ಹಳೆಯ ಟೈರಿನ ರಬ್ಬರು ಹೊದಿಸಿ ಮೊಳೆ ಹೊಡೆದು ಹೋಗಿದ್ದಾರೆ. ಆ ರಬ್ಬರು ಯಾರ ಅನುಮತಿಯಿಂದ ಬಂತು ಎಂದು ಕಛೇರಿ ವಿಚಾರಿಸುತ್ತಿದೆಯಂತೆ.

ಮಾಕ್ ಅಜ್ಜಿ ಮನೆಗೆ ಹೊರಟ ದಿನ ಫೂನಕ್ಕನೇ ಗೇಟಿನವರೆಗೆ ತಳ್ಳಿದರು. ದಾರಿಯುದ್ದಕ್ಕೂ ಇಬ್ಬರದೂ ಜಗಳ. ಅಜ್ಜಿಗೆ ಗಾಳಿ ಹೆಚ್ಚಾಯಿತು, ಬಿಸಿಲು ಹೆಚ್ಚಾಯಿತು, ಫೂನಕ್ಕನ ನಡಿಗೆ ನಿಧಾನವಾಯಿತು. ಗೇಟಿನ ಆಚೆ ಮಗಳು ಕಾರಿನ ಬಾಗಿಲು ತೆಗೆದು ನಿಂತಿದ್ದಳು. ಅಜ್ಜಿ ಕುರ್ಚಿಯ ಕೈ ಒತ್ತಿ ಎದ್ದರು, ಊರುಗೋಲು ಊರಿದರು. ಹಿಡಿಯಲು ಬಂದ ಫೂನಕ್ಕನ ಕೈಗೆ ಪಟ್ಟನೆ ಹೊಡೆದರು. "ಸಾಕು ತಳ್ಳಿದ್ದು. ಬಿಡು." ಹೆಜ್ಜೆ ಚಿಕ್ಕವಾಗಿದ್ದವು, ನಡುಗುತ್ತಿದ್ದವು. ಆದರೆ ಅವು ಅಜ್ಜಿಯವೇ ಹೆಜ್ಜೆಗಳು. ಕಾರು ಹತ್ತಿ ಹೋಗುವಾಗ ತಿರುಗಿಯೂ ನೋಡಲಿಲ್ಲ.

"ಒಂದು ಮಾತು ಹೇಳ್ಲಿಲ್ಲ ನೋಡಿ, ಜಂಬಗಾತಿ," ಎನ್ನುತ್ತಾರೆ ಫೂನಕ್ಕ. ಬೆಳಗಿನ ಮೊದಲ ಸುತ್ತು ಮುಗಿದು, ಅಂಗಳದ ಕಟ್ಟೆಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದಾರೆ. ಇನ್ನೇನಾದರೂ ಆಸೆ ಇದೆಯೇ ಎಂದರೆ ಮೊದಲು ನಗುತ್ತಾರೆ, ಆಮೇಲೆ ಬಟ್ಟಲನ್ನು ಕೆಳಗಿಟ್ಟು ಬಾಯಿ ಒರೆಸಿಕೊಳ್ಳುತ್ತಾರೆ.

"ಯಾರಾದ್ರೂ ಹುಷಾರಾಗಿ ಎದ್ದು ನಡ್ಕೊಂಡು ಹೋದ್ರೆ, ಗೇಟಿಂದ ಇಲ್ಲಿವರ್ಗೂ ಕುರ್ಚಿ ಖಾಲಿ ತಳ್ಕೊಂಡ್ ಬರ್ತೀನಿ. ಹಗುರಕ್ಕೆ ಹಾಗೇ ಓಡುತ್ತೆ ಅದು. ಆ ಒಂದು ದಾರೀಲಿ ಮಾತ್ರ ಯಾರೂ ನನ್ನ ಕೂಗ್ಬಾರ್ದು. ಬೇಗ ಅನ್ಬಾರ್ದು. ಅಷ್ಟು ಹೊತ್ತು ನಾನು ನಿಧಾನಕ್ಕೆ ಬರ್ಬೇಕು. ಅಷ್ಟೇ ನಂಗೆ ಬೇಕಾಗಿರೋದು."